ನೆರವಿನ ಕೆಲಸಕ್ಕೆ ಎರಡು ವರ್ಷದ ಓದು

(ಸಮಾಜಕಾರ್ಯ ವಿಭಾಗದ ವಾರ್ಷಿಕ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸ ಎಂದರೆ ವಿಷಯ ತುಸು ಭಾರವಾಗಿರಬೇಕು ಎಂಬ ರೂಢಿ ನಮ್ಮಲ್ಲಿದೆ. ನಾನು ಆರಿಸಿಕೊಂಡಿರುವುದು ಅಮೆರಿಕದ ಉನ್ನತ ಶಿಕ್ಷಣದಲ್ಲಿ ತೀರ ಕೆಳಮೆಟ್ಟಿಲಿನ ಒಂದು ಪದವಿಯನ್ನು. ಅಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ ‘ಹ್ಯೂಮನ್ ಸರ್ವೀಸಸ್’ ಎಂಬ ಎರಡು ವರ್ಷದ ಓದಿದೆ. ಅದನ್ನು ಮುಗಿಸಿದವರು ಮನೆಯಿಲ್ಲದವರ ತಂಗುದಾಣದಲ್ಲಿ ರಾತ್ರಿಪಾಳಿ ಮಾಡುತ್ತಾರೆ. ಕುಡಿತ ಬಿಡಿಸುವ ಕೇಂದ್ರದಲ್ಲಿ ಹೊಸದಾಗಿ ಬಂದವರ ವಿವರ ಬರೆದುಕೊಳ್ಳುತ್ತಾರೆ. ಗಂಡನ ಹೊಡೆತ ತಾಳದೆ ಮನೆ ಬಿಟ್ಟುಬಂದ ಹೆಂಗಸಿನ ಪಕ್ಕದಲ್ಲಿ ಕೋರ್ಟಿನ ಬೆಂಚಿನ ಮೇಲೆ ಕುಳಿತಿರುತ್ತಾರೆ. ಬೌದ್ಧಿಕ ವೈಕಲ್ಯವಿರುವ ವಯಸ್ಕರಿಗೆ ಅಡುಗೆ ಮಾಡಿಕೊಳ್ಳುವುದು, ಹೊತ್ತಿಗೆ ಸರಿಯಾಗಿ ಔಷಧಿ ತೆಗೆದುಕೊಳ್ಳುವುದು, ಬಸ್ ಹತ್ತುವುದು ಹೇಳಿಕೊಡುತ್ತಾರೆ. ಬಾಡಿಗೆ ಸಹಾಯಧನದ ಉದ್ದನೆಯ ಅರ್ಜಿ ತುಂಬಿಸಿಕೊಡುತ್ತಾರೆ. ಮನೋವೈದ್ಯರು ಬರೆದುಕೊಟ್ಟ ಚೀಟಿಗೂ ರೋಗಿಯ ನಿತ್ಯದ ಬದುಕಿಗೂ ನಡುವೆ ಇರುವ ದೊಡ್ಡ ಬಯಲಿನಲ್ಲಿ ಓಡಾಡುವವರು ಇವರು. ನಮ್ಮಲ್ಲಿ ಇಂಥ ಓಡಾಟ ಆಶಾ ಕಾರ್ಯಕರ್ತೆಯದು, ಅಂಗನವಾಡಿ ಕಾರ್ಯಕರ್ತೆಯದು, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರದು.

ಈ ಪದವಿಯನ್ನು ಹೊಗಳಲು ನಾನು ಬಂದಿಲ್ಲ. ಅದರ ಹಿಂದೆ ಒಂದು ಧೈರ್ಯದ ವಿಚಾರವಿತ್ತು. ಕಷ್ಟವನ್ನು ಕಂಡುಂಡವರೇ ಕಷ್ಟದಲ್ಲಿರುವವರಿಗೆ ನೆರವಾಗಬಲ್ಲರು. ಅವರಿಗೆ ಮೊದಲು ಕೆಲಸ ಕೊಡಿ, ಸಂಬಳ ಕೊಡಿ, ಓದನ್ನು ಕೆಲಸದ ಜೊತೆಗೇ ಕೊಡಿ. ಓದಿದ ಹಾಗೆ ಮೇಲಿನ ಹುದ್ದೆಗೆ ಏರಿಸುತ್ತಾ ಹೋಗಿ ಎಂಬುದು ಆ ವಿಚಾರ. ಅರವತ್ತು ವರ್ಷದಲ್ಲಿ ಅದರ ಅರ್ಧ ನಡೆಯಿತು, ಅರ್ಧ ಮುರಿಯಿತು. ಮುರಿದ ಅರ್ಧ ನಮಗೆ ಹೆಚ್ಚು ಪಾಠ ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಕಾಲೇಜಿನ ಬಗ್ಗೆ ಎರಡು ಮಾತು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ ಹೈಸ್ಕೂಲಿಗೇ ಅಂಟಿಕೊಂಡ ಹಾಗೆ ಒಂದು ಜೂನಿಯರ್ ಕಾಲೇಜು ಶುರುವಾಯಿತು. ಅಲ್ಲಿನ ಸಾರ್ವಜನಿಕ ಎರಡು ವರ್ಷದ ಕಾಲೇಜುಗಳ ಚರಿತ್ರೆಯನ್ನು ಅಲ್ಲಿಂದ ಎಣಿಸುತ್ತಾರೆ. ‘ಕಮ್ಯುನಿಟಿ ಕಾಲೇಜು’ ಎಂಬ ಹೆಸರನ್ನು ದೇಶದ ತುಂಬ ಚಲಾವಣೆಗೆ ತಂದದ್ದು ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗದ 1947ರ ವರದಿ. ಈಗ ಇಂಥವು ಸುಮಾರು ಸಾವಿರ ಇವೆ. ಇವುಗಳ ಬಾಗಿಲಲ್ಲಿ ಅಂಕಪಟ್ಟಿ ಹಿಡಿದು ತಡೆಯುವವರಿಲ್ಲ. ಹೈಸ್ಕೂಲು ಮುಗಿಸಿದವರು, ಅಥವಾ ಅದಕ್ಕೆ ಸಮನಾದ ಪರೀಕ್ಷೆ ಪಾಸಾದವರು ನೇರ ಸೇರಬಹುದು. ಸ್ಥಳೀಯರಿಗೆ ವರ್ಷದ ಬೋಧನಾ ಶುಲ್ಕ ಸರಾಸರಿ 4,000 ಡಾಲರ್ ಆಸುಪಾಸು. ಅಲ್ಲಿನ ಲೆಕ್ಕದಲ್ಲಿ ಇದು ಅಗ್ಗ. ಬಡ ವಿದ್ಯಾರ್ಥಿಗೆ ಸಂಯುಕ್ತ ಸರ್ಕಾರದ ಪೆಲ್ ಅನುದಾನ ಪೂರ್ತಿ ಸಿಕ್ಕರೆ ಶುಲ್ಕ ಕಳೆದು ಪುಸ್ತಕಕ್ಕೂ ಒಂದಿಷ್ಟು ಉಳಿಯುತ್ತದೆ. ಆದರೆ ತರಗತಿಗೆ ಬಂದ ಹೊತ್ತಿನಲ್ಲಿ ಕೈಬಿಟ್ಟುಹೋದ ಕೂಲಿಗೆ ಯಾವ ಅನುದಾನವೂ ಇಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮತ್ತೆ ಬರುತ್ತದೆ.

ಇಂಥ ಕಾಲೇಜಿಗೆ ನೆರವಿನ ಕೆಲಸದ ಓದು ಬಂದದ್ದು ಹೇಗೆ? ಹುಚ್ಚಾಸ್ಪತ್ರೆಗಳ ಕತೆಯಿಂದ ಶುರುಮಾಡಬೇಕು. 1955ರಲ್ಲಿ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು. ಅಲ್ಲಿಂದ ಮುಂದೆ ಆ ಸಂಖ್ಯೆ ಇಳಿಯತೊಡಗಿತು. ಹೊಸ ಔಷಧಿಗಳು ಬಂದಿದ್ದವು. ಆಸ್ಪತ್ರೆಯ ಖರ್ಚೂ ಸರ್ಕಾರಗಳಿಗೆ ಬೇಡವಾಗಿತ್ತು. ಇವರನ್ನೆಲ್ಲ ಹೊರಗೆ ತಂದರೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಜಾರ್ಜ್ ಆಲ್ಬೀ ಎಂಬ ಮನಶ್ಶಾಸ್ತ್ರಜ್ಞ 1959ರಲ್ಲಿ ಲೆಕ್ಕ ಹಾಕಿ ಒಂದು ಕಹಿ ಉತ್ತರ ಕೊಟ್ಟ. ಎಷ್ಟು ವೈದ್ಯರನ್ನು, ಮನಶ್ಶಾಸ್ತ್ರಜ್ಞರನ್ನು, ಸಮಾಜಕಾರ್ಯಕರ್ತರನ್ನು ತಯಾರು ಮಾಡಿದರೂ ಸಾಕಾಗುವ ಲಕ್ಷಣವಿಲ್ಲ ಎಂದ. 1963ರ ಅಕ್ಟೋಬರ್ 31ರಂದು ಕೆನಡಿ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳ ಕಾಯ್ದೆಗೆ ಸಹಿ ಹಾಕಿದರು. ಯೋಚಿಸಿದ್ದ ಕೇಂದ್ರಗಳಲ್ಲಿ ಕೊನೆಗೂ ಎದ್ದು ನಿಂತದ್ದು ಅರ್ಧದಷ್ಟು. ಆಸ್ಪತ್ರೆಗಳು ಮಾತ್ರ ಆ ಅರ್ಧಕ್ಕಾಗಿ ಕಾಯದೆ ಖಾಲಿಯಾಗುತ್ತಾ ಹೋದವು.

ಈ ನಡುವೆ ವಾಷಿಂಗ್ಟನ್ ಬಳಿ ಮಾರ್ಗರೆಟ್ ರೀಯೋಕ್ ಎಂಬ ಮನಶ್ಶಾಸ್ತ್ರಜ್ಞೆ ಒಂದು ಪ್ರಯೋಗಕ್ಕೆ ಕೈಹಾಕಿದ್ದರು. 1960ರಲ್ಲಿ ಎಂಟು ಜನ ಮಧ್ಯವಯಸ್ಸಿನ ಗೃಹಿಣಿಯರನ್ನು ಆರಿಸಿ, ಎರಡು ವರ್ಷ ಆಪ್ತಸಮಾಲೋಚನೆಯ ತರಬೇತಿ ಕೊಟ್ಟರು. ಮಕ್ಕಳನ್ನು ಬೆಳೆಸಿ ಮುಗಿಸಿದ ಹೆಂಗಸರಿಗೆ ಮನುಷ್ಯರ ಬಗ್ಗೆ ಆಗಲೇ ಸಾಕಷ್ಟು ಗೊತ್ತಿರುತ್ತದೆ, ಅದರ ಮೇಲೆ ಕಟ್ಟಬಹುದು ಎಂಬುದು ಅವರ ನಂಬಿಕೆ. ಹೊರಗಿನ ಪರಿಣತರು ಈ ಹೆಂಗಸರ ಕೆಲಸವನ್ನು ನೋಡಿ ಒಳ್ಳೆಯ ಮಾತನ್ನೇ ಬರೆದರು. ಆದರೆ ಆ ಎಂಟೂ ಜನ ಓದು-ಬರಹ, ಅನುಕೂಲ ಎಲ್ಲ ಇದ್ದ ಮನೆಗಳವರು. ಬಡವರ ಕೇರಿಯ ಹೆಂಗಸಿಗೆ ಇದೇ ಬಾಗಿಲು ತೆರೆಯುತ್ತದೆಯೇ ಎಂಬ ಪ್ರಶ್ನೆ ಹಾಗೇ ಉಳಿದಿತ್ತು.

ಅದನ್ನು ನೇರವಾಗಿ ಎತ್ತಿದವರು ಆರ್ಥರ್ ಪರ್ಲ್ ಮತ್ತು ಫ್ರಾಂಕ್ ರೀಸ್‌ಮನ್. 1965ರಲ್ಲಿ ಬಂದ ಅವರ ಪುಸ್ತಕ ‘ನ್ಯೂ ಕರಿಯರ್ಸ್ ಫಾರ್ ದ ಪೂರ್’. ಶಿಕ್ಷಕರು, ನರ್ಸುಗಳು, ಸಮಾಜಕಾರ್ಯಕರ್ತರು ಮಾಡುವ ಕೆಲಸವನ್ನು ಬಿಡಿಸಿ ನೋಡಿದರೆ ಅದರಲ್ಲಿ ಬಹುಪಾಲು ಕೆಲಸ ಉದ್ದನೆಯ ಓದಿಲ್ಲದೆಯೂ ಮಾಡಬಹುದಾದದ್ದು. ಅದನ್ನು ಅದೇ ಕೇರಿಯ ಬಡವರಿಗೆ ಸಂಬಳದ ಕೆಲಸವಾಗಿ ಕೊಡಿ. ಅಲ್ಲಿಂದ ಅವರು ಹಂತಹಂತವಾಗಿ ಶಿಕ್ಷಕರೇ ಆಗಲಿ, ಸಮಾಜಕಾರ್ಯಕರ್ತರೇ ಆಗಲಿ ಎಂದು ವಾದಿಸಿದರು. ರೀಸ್‌ಮನ್ ಅದೇ ವರ್ಷ ಇನ್ನೊಂದು ಲೇಖನದಲ್ಲಿ, ನೆರವು ಕೊಡುವವನಿಗೂ ಆ ಕೊಡುವಿಕೆಯಿಂದಲೇ ಗುಣವಾಗುತ್ತದೆ ಎಂದು ಬರೆದ. ಕುಡಿತ ಬಿಟ್ಟವರು ಇನ್ನೊಬ್ಬರ ಕುಡಿತ ಬಿಡಿಸುವ ಆಲ್ಕೋಹಾಲಿಕ್ಸ್ ಅನಾನಿಮಸ್ 1935ರಿಂದ ಅದನ್ನೇ ಮಾಡುತ್ತಾ ಬಂದಿತ್ತು. 1966ರಲ್ಲಿ ನ್ಯೂಯಾರ್ಕಿನ ಸಂಸತ್ ಸದಸ್ಯ ಜೇಮ್ಸ್ ಶೋಯರ್ ತಂದ ತಿದ್ದುಪಡಿಯಿಂದ ಈ ವಿಚಾರಕ್ಕೆ ಸರ್ಕಾರದ ದುಡ್ಡೂ ಸಿಕ್ಕಿತು.

ಇದಕ್ಕೆ ಓದಿನ ರೂಪ ಕೊಡುವ ಮೊದಲ ಪ್ರಯತ್ನಗಳಲ್ಲೊಂದು ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ, ಪರ್ಡ್ಯೂ ವಿಶ್ವವಿದ್ಯಾಲಯದ ಪ್ರಾದೇಶಿಕ ಕ್ಯಾಂಪಸ್ಸಿನಲ್ಲಿ ನಡೆಯಿತು. 1960ರ ದಶಕದ ಮಧ್ಯದಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಅನುದಾನದಿಂದ ಅಲ್ಲಿ ಮಾನಸಿಕ ಆರೋಗ್ಯ ಕಾರ್ಯಕರ್ತರಿಗೆ ಎರಡು ವರ್ಷದ ಪದವಿ ಶುರುವಾಯಿತು. ಅಲ್ಲಿಂದ ಕಮ್ಯುನಿಟಿ ಕಾಲೇಜುಗಳಿಗೆ ಅದು ಬೇಗ ಹಬ್ಬಿತು. 1975ರಲ್ಲಿ ಅಧ್ಯಾಪಕರದೂ ಕಾರ್ಯಕರ್ತರದೂ ಒಂದು ರಾಷ್ಟ್ರೀಯ ಸಂಘ ಹುಟ್ಟಿತು, 1979ರಲ್ಲಿ ಪಠ್ಯಕ್ಕೆ ಮಾನದಂಡ ಹಾಕುವ ಮಂಡಳಿಯೊಂದು ಬಂತು.

ನ್ಯೂಯಾರ್ಕಿನ ಎರಡು ಘಟನೆಗಳನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಆಡ್ರಿ ಕೋಹೆನ್ ಎಂಬ ಹೆಣ್ಣುಮಗಳು 1964ರಲ್ಲಿ ‘ವಿಮೆನ್ಸ್ ಟ್ಯಾಲೆಂಟ್ ಕೋರ್’ ಕಟ್ಟಿದಳು. ಬಡ ಬಡಾವಣೆಗಳ ಹೆಂಗಸರು ವಾರದ ಕೆಲವು ದಿನ ಶಾಲೆಯಲ್ಲೋ ಸಮಾಜಸೇವಾ ಕಚೇರಿಯಲ್ಲೋ ಕೆಲಸ ಮಾಡಬೇಕು, ಉಳಿದ ದಿನ ತರಗತಿಗೆ ಬರಬೇಕು. ಆದರೆ ಇವರು ತರಬೇತಿ ಪಡೆದು ಸೇರಬೇಕಾದ ಹುದ್ದೆಗಳೇ ಊರಿನಲ್ಲಿ ಇರಲಿಲ್ಲ. ಕೋಹೆನ್ ಮತ್ತು ಜೊತೆಯವರು ಶಾಲೆಗಳ, ಇಲಾಖೆಗಳ ಬಾಗಿಲು ಬಡಿದು ಹುದ್ದೆಗಳನ್ನೇ ಹುಟ್ಟಿಸಿದರು. ಇವತ್ತು ನ್ಯೂಯಾರ್ಕಿನ ಶಾಲೆಗಳಲ್ಲಿ ಶಿಕ್ಷಕರ ಜೊತೆ ನಿಲ್ಲುವ ಸಹಾಯಕ ಸಿಬ್ಬಂದಿ ಬಂದದ್ದರಲ್ಲಿ ಅವರ ಪಾಲಿದೆ. ಆ ಸಂಸ್ಥೆ 1970ರಲ್ಲಿ ‘ಕಾಲೇಜ್ ಫಾರ್ ಹ್ಯೂಮನ್ ಸರ್ವೀಸಸ್’ ಆಯಿತು; ಈಗ ಮೆಟ್ರೊಪಾಲಿಟನ್ ಕಾಲೇಜ್ ಆಫ್ ನ್ಯೂಯಾರ್ಕ್. ಪಠ್ಯ ಬರೆಯುವ ಮೊದಲು ಹುದ್ದೆಯನ್ನು ಹುಟ್ಟಿಸಿದ ಕೋಹೆನ್‌ರ ಜಾಣತನ ನಮ್ಮ ವಿಶ್ವವಿದ್ಯಾಲಯಗಳ ಪಠ್ಯ ಸಮಿತಿಗಳಲ್ಲಿ ನನಗೆ ಎಂದೂ ಕಂಡದ್ದಿಲ್ಲ.

ಇನ್ನೊಂದು ಘಟನೆ ದಕ್ಷಿಣ ಬ್ರಾಂಕ್ಸ್‌ನ ಲಿಂಕನ್ ಆಸ್ಪತ್ರೆಯದು. ಅಲ್ಲಿನ ಮಾನಸಿಕ ಆರೋಗ್ಯ ವಿಭಾಗ ಬಡಾವಣೆಯ ಅಂಗಡಿ ಮಳಿಗೆಗಳನ್ನು ಬಾಡಿಗೆಗೆ ಹಿಡಿದು ನೆರವಿನ ಕೇಂದ್ರಗಳನ್ನು ತೆರೆಯಿತು. ಅದೇ ಬೀದಿಯ ಕಪ್ಪು ಜನರನ್ನೂ ಪೋರ್ಟೊರಿಕೊ ಮೂಲದವರನ್ನೂ ಕೆಲಸಕ್ಕೆ ಇಟ್ಟುಕೊಂಡಿತು. ಒಳಗೆ ಬಂದ ಜನ ಮನಸ್ಸಿನ ಮಾತಿಗಿಂತ ಮೊದಲು ಬಾಡಿಗೆ ಮನೆಯ ಮಾತೆತ್ತಿದರು, ನಿಂತುಹೋದ ಸರ್ಕಾರಿ ಸಹಾಯಧನದ ಮಾತೆತ್ತಿದರು. ಈ ಸಹಾಯಕರಿಗೆ ಆ ಮಾತು ಅರ್ಥವಾಗುತ್ತಿತ್ತು, ಅವರ ಮನೆಯ ಮಾತೂ ಅದೇ ಆಗಿತ್ತು. ಕೇಂದ್ರಗಳಿಗೆ ದೇಶದಾದ್ಯಂತ ಹೆಸರು ಬಂತು. ಆದರೆ 1969ರ ಮಾರ್ಚಿನಲ್ಲಿ ಇದೇ ಸಹಾಯಕ ಸಿಬ್ಬಂದಿ ವಿಭಾಗವನ್ನು ತಮ್ಮ ವಶಕ್ಕೆ ತೆಗೆದುಕೊಂಡು ಕುಳಿತರು. ನಿರ್ಧಾರಗಳಲ್ಲಿ ನಮಗೆ ಪಾಲಿಲ್ಲ, ಹೇಳಿದ್ದ ಬಡ್ತಿಯ ದಾರಿ ಎಲ್ಲೂ ಕಾಣುತ್ತಿಲ್ಲ ಎಂಬುದು ಅವರ ದೂರು. ಕೆಳಹಂತದ ಕೆಲಸ ಕೊಟ್ಟವರು ಮೇಲಿನ ಹಂತಗಳನ್ನು ಕಟ್ಟಿರಲಿಲ್ಲ. ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಗುಲಾಬಿ ಸೀರೆಯುಟ್ಟು ಧರಣಿ ಕುಳಿತದ್ದನ್ನು ನೋಡಿದಾಗೆಲ್ಲ ನನಗೆ ಬ್ರಾಂಕ್ಸ್ ನೆನಪಾಗುತ್ತದೆ.

ಇಷ್ಟು ಚರಿತ್ರೆ ಸಾಕು. ತರಗತಿಯೊಳಕ್ಕೆ ಬನ್ನಿ.

ಓದು ಒಟ್ಟು 60 ಕ್ರೆಡಿಟ್ ಆಸುಪಾಸು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಎಲ್ಲರಿಗೂ ಇರುವ ಇಂಗ್ಲಿಷ್ ಬರವಣಿಗೆ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಸ್ವಲ್ಪ ಗಣಿತ. ಉಳಿದದ್ದು ಕೆಲಸಕ್ಕೆ ಸಂಬಂಧಿಸಿದ್ದು: ಸಂದರ್ಶನ ಮಾಡುವ ಕ್ರಮ, ಗುಂಪುಗಳ ಜೊತೆ ಕೆಲಸ, ಪ್ರಕರಣ ನಿರ್ವಹಣೆ, ವ್ಯಸನ, ಬಿಕ್ಕಟ್ಟಿನ ಹೊತ್ತಿನ ನೆರವು, ವೃತ್ತಿಯ ನೀತಿ. ಹೆಸರುಗಳನ್ನು ನೋಡಿದರೆ ನಮ್ಮ ಎಂ.ಎಸ್.ಡಬ್ಲ್ಯೂ. ಪಠ್ಯದಲ್ಲಿ ಇಲ್ಲದ್ದೇನೂ ಇಲ್ಲ. ವ್ಯತ್ಯಾಸ ಇರುವುದು ಕಲಿಸುವ ಬಗೆಯಲ್ಲಿ.

ನ್ಯೂಜೆರ್ಸಿಯ ಒಂದು ಕಮ್ಯುನಿಟಿ ಕಾಲೇಜಿನ ಸಂಜೆ ತರಗತಿಯ ಹಿಂದಿನ ಸಾಲಿನಲ್ಲಿ ಕೂರುವ ಅವಕಾಶ ನನಗೆ ಸಿಕ್ಕಿತ್ತು. ವಿದ್ಯಾರ್ಥಿಗಳಲ್ಲಿ ಊರಿನ ಬಸ್ ಓಡಿಸುವವನಿದ್ದ. ವೃದ್ಧಾಶ್ರಮದಲ್ಲಿ ಆಯಾ ಕೆಲಸದ ಸಮವಸ್ತ್ರದಲ್ಲೇ ಬಂದವಳಿದ್ದಳು. ಜೈಲಿನಲ್ಲಿದ್ದು ಬಂದು, ಕುಡಿತ ಬಿಟ್ಟ ಒಬ್ಬನಿದ್ದ. ಗಂಡನ ಕೆಲಸದ ವೀಸಾದ ಬೆನ್ನಿಗೆ ಬೆಂಗಳೂರಿನಿಂದ ಹೋದ ನಮ್ಮ ಒಬ್ಬ ಹೆಣ್ಣುಮಗಳೂ ಇದ್ದಳು. ಅವತ್ತಿನ ಪಾಠ ಕೇಳಿಸಿಕೊಳ್ಳುವುದು. ಮೂವರ ಗುಂಪು ಮಾಡಿದರು. ಒಬ್ಬರು ತಮ್ಮ ಜೀವನದ ಒಂದು ಸಣ್ಣ ನಿಜವಾದ ತೊಂದರೆಯನ್ನು ಹೇಳಬೇಕು, ಒಬ್ಬರು ಕೇಳಬೇಕು, ಮೂರನೆಯವರು ಕಾಗದ ಹಿಡಿದು ಗೀಟು ಹಾಕುತ್ತಾ ಹೋಗಬೇಕು. ಕೇಳುವವರು ಸಲಹೆ ಕೊಟ್ಟರೆ ಒಂದು ಗೀಟು, ‘ನನಗೂ ಹೀಗೇ ಆಗಿತ್ತು’ ಎಂದರೆ ಒಂದು, ಹೌದು-ಇಲ್ಲ ಎಂದಷ್ಟೇ ಉತ್ತರ ಬರುವ ಪ್ರಶ್ನೆ ಹಾಕಿದರೆ ಒಂದು.

ಆಯಾ ಹೇಳತೊಡಗಿದಳು: ಮಗ ಸ್ಕೂಲಿಗೆ ಸರಿಯಾಗಿ ಹೋಗುತ್ತಿಲ್ಲ. ಅವಳ ಎರಡನೆಯ ವಾಕ್ಯ ಮುಗಿಯುವ ಮೊದಲೇ ಬಸ್ ಡ್ರೈವರ್ ಅಂದ, “ಮೊದಲು ಅವನ ಫೋನ್ ಕಿತ್ಕೊಳ್ಳಿ.” ಗೀಟು ಬಿತ್ತು. “ಸ್ಕೂಲಿನವರ ಹತ್ರ ಮಾತಾಡಿದ್ರಾ?” ಇನ್ನೊಂದು ಗೀಟು. ಅಧ್ಯಾಪಕಿ ಬಂದು ಕಾಗದ ನೋಡಿ, ಏನೂ ಹೇಳದೆ, ಮತ್ತೆ ಮೊದಲಿನಿಂದ ಎಂದು ಬೆರಳು ತಿರುಗಿಸಿದಳು. ಈ ಸಲ ಅವನಿಗೆ ಬಾಯಿ ಬಿಡಲು ಭಯ. ಸುಮ್ಮನೆ ಕೇಳಿದ. ಕೊನೆಗೆ, “ಬೆಳಗ್ಗೆ ಆಯ್ತು ಅಂದ್ರೆ ನಿಮಗೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತೆ ಅನ್ಸುತ್ತೆ,” ಎಂದ. ಅವಳು ಸ್ವಲ್ಪ ಹೊತ್ತು ಮೇಜು ನೋಡಿದಳು. ಆಮೇಲೆ ಹೇಳಿದ್ದು ಬೇರೆಯೇ ಸಂಗತಿ. ಅವಳ ಪಾಳಿ ಬೆಳಗ್ಗೆ ಐದಕ್ಕೆ ಶುರು. ಮಗನನ್ನು ಎಬ್ಬಿಸಲು ಮನೆಯಲ್ಲಿ ಯಾರೂ ಇಲ್ಲ. ಪಾಳಿ ಬದಲಿಸಿ ಎಂದು ಕೇಳಲು ಧೈರ್ಯವಿಲ್ಲ, ಕೇಳಿದರೆ ಕೆಲಸ ಹೋದೀತು. ಮಗನ ತೊಂದರೆ ಎಂದು ಶುರುವಾದದ್ದು ಐದು ನಿಮಿಷದಲ್ಲಿ ಕೆಲಸದ ವೇಳಾಪಟ್ಟಿಯ ತೊಂದರೆಯಾಗಿ ನಿಂತಿತ್ತು. ಫೋನ್ ಕಿತ್ತುಕೊಂಡಿದ್ದರೆ ಅದು ಹೊರಗೆ ಬರುತ್ತಲೇ ಇರಲಿಲ್ಲ.

ತರಗತಿ ಮುಗಿದ ಮೇಲೆ ಬೆಂಗಳೂರಿನ ಹೆಣ್ಣುಮಗಳು ಹತ್ತಿರ ಬಂದು ಅಂದಳು: “ಸಲಹೆ ಕೊಡದೆ ಇರೋದು ಇಷ್ಟು ಕಷ್ಟ ಅಂತ ಗೊತ್ತಿರ್ಲಿಲ್ಲ ಸರ್. ನಮ್ಮನೇಲಿ ಅಜ್ಜಿಯಿಂದ ಹಿಡಿದು ಪಕ್ಕದ್ಮನೆ ಆಂಟಿವರೆಗೂ ಎಲ್ರೂ ಸಲಹೆ ಕೊಟ್ಟೇ ನನ್ನ ಬೆಳೆಸಿದ್ದು.” ಈ ಓದಿಗೆ ಏಕೆ ಬಂದೆಯಮ್ಮ ಎಂದು ಕೇಳಿದೆ. ಆ ವೀಸಾದಲ್ಲಿ ಓದಲು ಅಡ್ಡಿಯಿಲ್ಲ, ಕೆಲಸಕ್ಕೆ ಮಾತ್ರ ಬೇರೆ ಪರವಾನಗಿ ಬೇಕು, ಅದು ಬರುವವರೆಗೆ ಸುಮ್ಮನೆ ಕೂರುವುದೇಕೆ ಎಂದಳು. ಆಮೇಲೆ ಇನ್ನೂ ಒಂದು ಕಾರಣ ಹೇಳಿದಳು. ಅವರ ಅಪಾರ್ಟ್‌ಮೆಂಟಿನಲ್ಲಿ ಕನ್ನಡದ ಒಬ್ಬ ಹೆಂಗಸು ಪೊಲೀಸರ ಮುಂದೆ ಇಂಗ್ಲಿಷಿನಲ್ಲಿ ತನಗಾದದ್ದನ್ನು ಹೇಳಲಾರದೆ ನಿಂತಿದ್ದಳಂತೆ; ಗಂಡನೇ ಅವಳ ಪರವಾಗಿ ಮಾತಾಡಿದನಂತೆ. ನ್ಯೂಜೆರ್ಸಿಯಲ್ಲಿ ದಕ್ಷಿಣ ಏಷ್ಯಾದ ಹೆಂಗಸರಿಗಾಗಿ 1985ರಲ್ಲೇ ಶುರುವಾದ ‘ಮಾನವಿ’ಯಂಥ ಸಂಸ್ಥೆಗಳು ಇರುವುದು ಈ ಕಾರಣಕ್ಕೆ. ಇಂಥ ಕಡೆ ಮನೆಮಾತು ಬಲ್ಲ ಕಾರ್ಯಕರ್ತೆ ಒಬ್ಬಳು ಸಿಕ್ಕರೆ ಅದು ದೊಡ್ಡ ಅರ್ಹತೆ, ಯಾವ ಅಂಕಪಟ್ಟಿಯಲ್ಲೂ ಅದಕ್ಕೆ ಕಾಲಂ ಇಲ್ಲದಿದ್ದರೂ.

ಇನ್ನೊಂದು ಪಾಠ ಬರವಣಿಗೆಯದು. ನೆರವಿನ ಕೆಲಸದಲ್ಲಿ ಪ್ರತಿ ಭೇಟಿಗೂ ಒಂದು ಟಿಪ್ಪಣಿ ಬರೆದಿಡಬೇಕು. ‘ಹಟ ಮಾಡುತ್ತಿದ್ದ’ ಎಂದು ಬರೆದರೆ ಅಧ್ಯಾಪಕಿ ಹೊಡೆದುಹಾಕುತ್ತಾಳೆ. ಅವನು ಏನು ಮಾಡಿದ, ಅದನ್ನು ಬರಿ. ‘ಮೂರು ಸಲ ಕೇಳಿದರೂ ಉತ್ತರ ಕೊಡಲಿಲ್ಲ, ಕೋಟು ಬಿಚ್ಚಲಿಲ್ಲ, ಬಾಗಿಲ ಕಡೆಯೇ ನೋಡುತ್ತಿದ್ದ’. ಹೀಗೆ ಬರೆದ ಮೇಲೆ ಓದಿದವರಿಗೆ ಅದು ಹಟವೋ ಹೆದರಿಕೆಯೋ ಎಂದು ಯೋಚಿಸಲು ಜಾಗ ಸಿಗುತ್ತದೆ. ‘ಕುಡಿದು ಬಂದಿದ್ದಳು’ ಎನ್ನಬಾರದು. ಬಾಯಿಂದ ವಾಸನೆ ಬರುತ್ತಿತ್ತು, ಮಾತು ತೊದಲುತ್ತಿತ್ತು ಎಂದಷ್ಟೇ ಹೇಳಬೇಕು. ಸಕ್ಕರೆ ಕಾಯಿಲೆಯಲ್ಲೂ ಮಾತು ತೊದಲಬಹುದು. ನಾಳೆ ಈ ಕಾಗದ ಕೋರ್ಟಿಗೆ ಹೋಗಬಹುದು, ಒಬ್ಬ ತಾಯಿಯ ಕೈಯಿಂದ ಮಗುವನ್ನು ತೆಗೆದುಕೊಳ್ಳಲು ಕಾರಣವೂ ಆಗಬಹುದು. ನಮ್ಮ ಆಸ್ಪತ್ರೆಗಳ ಫೈಲುಗಳಲ್ಲಿ ‘ರೋಗಿ ಸಹಕರಿಸಲಿಲ್ಲ’ ಎಂಬ ಒಂದೇ ವಾಕ್ಯವನ್ನು ಓದೀ ಓದೀ ನನಗೆ ಸಾಕಾಗಿದೆ.

ಗುಟ್ಟನ್ನು ಕಾಪಾಡುವ ಕಟ್ಟುಪಾಡು ಮತ್ತು ಅದು ಎಲ್ಲಿ ಮುರಿಯಬೇಕು ಎಂಬುದು ಬಹಳ ಚರ್ಚೆಯಾಗುವ ವಿಷಯ. ರೋಗಿಯೊಬ್ಬ ಇನ್ನೊಬ್ಬರ ಜೀವಕ್ಕೆ ಅಪಾಯ ತರುವ ಸೂಚನೆಯಿದ್ದರೆ ಚಿಕಿತ್ಸಕ ಕೈಕಟ್ಟಿ ಕೂರುವಂತಿಲ್ಲ ಎಂದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1976ರಲ್ಲಿ ಟರಾಸಾಫ್ ಪ್ರಕರಣದಲ್ಲಿ ಹೇಳಿತು. ಮಕ್ಕಳ ಮೇಲಿನ ಹಿಂಸೆಯ ಅನುಮಾನ ಬಂದರೆ ತಿಳಿಸಲೇಬೇಕು ಎಂಬುದು ಇಂಥ ಕೆಲಸದಲ್ಲಿರುವವರಿಗೆಲ್ಲ ಅಲ್ಲಿನ ರಾಜ್ಯಗಳ ಕಾನೂನು. ಲೈಂಗಿಕ ಹಿಂಸೆಯ ವಿಷಯದಲ್ಲಿ ನಮ್ಮ ಪೋಕ್ಸೊ ಕಾಯ್ದೆಯ 19ನೇ ಕಲಮು ಅದನ್ನು ಎಲ್ಲರ ಮೇಲೂ ಹೊರಿಸಿದೆ. ಹಾಗಾಗಿ ಮೊದಲ ಭೇಟಿಯಲ್ಲೇ, ನೀವು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ, ಆದರೆ ಇಂಥ ಸಂಗತಿ ಬಂದರೆ ಹೇಳಲೇಬೇಕಾಗುತ್ತದೆ ಎಂದು ಎದುರಿಗೆ ಕೂತವರಿಗೆ ತಿಳಿಸುವುದನ್ನು ಅಭ್ಯಾಸ ಮಾಡಿಸುತ್ತಾರೆ. ಆ ಮಾತನ್ನು ಬಾಯಿಪಾಠದ ಹಾಗೆ ಒಪ್ಪಿಸಿದರೆ ಬಂದವರು ಎದ್ದುಹೋಗುತ್ತಾರೆ. ಅದನ್ನು ಮನುಷ್ಯರ ಧ್ವನಿಯಲ್ಲಿ ಹೇಳಲು ಹಲವು ಸಂಜೆಗಳು ಬೇಕಾಗುತ್ತವೆ.

ಕ್ಷೇತ್ರಕಾರ್ಯ ಕನಿಷ್ಠ 250 ಗಂಟೆ ಇರಬೇಕು ಎಂಬುದು ಮಾನದಂಡ ಮಂಡಳಿಯ ನಿಯಮ. ಅದಕ್ಕೂ ಮುಂಚೆ ಕೊಡುವ ಒಂದು ಮನೆಗೆಲಸ ನನಗೆ ಮೆಚ್ಚುಗೆಯಾಯಿತು. ತಮ್ಮ ಜಿಲ್ಲೆಯಲ್ಲಿರುವ ನೆರವಿನ ಸಂಸ್ಥೆಗಳ ಪಟ್ಟಿ ಮಾಡಬೇಕು. ಪಟ್ಟಿಯೇನೋ ಸುಲಭ; ಅಟ್ಲಾಂಟಾದಲ್ಲಿ 1997ರಲ್ಲಿ ಶುರುವಾಗಿ 2000ದಲ್ಲಿ ದೇಶಕ್ಕೆಲ್ಲ ಮೀಸಲಾದ 211 ಎಂಬ ಫೋನ್ ಸಂಖ್ಯೆಗೆ ಕರೆ ಮಾಡಿದರೆ ಅವರೇ ಹೇಳುತ್ತಾರೆ. ಆದರೆ ಪ್ರತಿಯೊಂದಕ್ಕೂ ತಾವೇ ಫೋನ್ ಮಾಡಬೇಕು, ಎಷ್ಟು ಹೊತ್ತು ಕಾಯಿಸಿದರು ಬರೆಯಬೇಕು, ಒಂದೆರಡಕ್ಕೆ ಬಸ್ಸಿನಲ್ಲೇ ಹೋಗಬೇಕು, ಕಾರಿನಲ್ಲಿ ಹೋಗಕೂಡದು. ಕೈಕೂಸು ಎತ್ತಿಕೊಂಡ ತಾಯಿ ಎರಡು ಬಸ್ ಬದಲಿಸಿ ಬರುವಷ್ಟರಲ್ಲಿ ಕಚೇರಿ ಮುಚ್ಚಿರುತ್ತದೆ ಎಂಬುದು ಹಾಗೆ ಹೋದವರಿಗೆ ಮಾತ್ರ ತಿಳಿಯುತ್ತದೆ.

ಇಲ್ಲಿಯವರೆಗೆ ಒಳ್ಳೆಯದು. ಈಗ ಮುರಿದ ಅರ್ಧಕ್ಕೆ ಬರುತ್ತೇನೆ.

ಆ ದೇಶದ ಕಾರ್ಮಿಕ ಅಂಕಿಅಂಶ ಕಚೇರಿಯ ಪಟ್ಟಿಯಲ್ಲಿ ಸಮಾಜ ಮತ್ತು ಮಾನವ ಸೇವಾ ಸಹಾಯಕರು ಎಂಬ ಉದ್ಯೋಗವಿದೆ. ಅದಕ್ಕೆ ಸೇರಲು ಸಾಮಾನ್ಯವಾಗಿ ಬೇಕಾದ ಓದು ಹೈಸ್ಕೂಲು ಎಂದೇ ಅಲ್ಲಿ ನಮೂದಾಗಿದೆ. 2023ರಲ್ಲಿ ಇವರ ಮಧ್ಯಮ ವಾರ್ಷಿಕ ಸಂಬಳ 41,000 ಡಾಲರ್ ದಾಟಿದ್ದು ಸ್ವಲ್ಪವೇ; ಎಲ್ಲ ಉದ್ಯೋಗಗಳನ್ನು ಸೇರಿಸಿದರೆ ಬರುವ ಮಧ್ಯಮ ಸಂಬಳ 48,000. ಎರಡು ವರ್ಷ ಓದಿದವಳು ಓದದವನ ಪಕ್ಕದ ಕುರ್ಚಿಯಲ್ಲೇ ಕೂರುತ್ತಾಳೆ, ಸಂಬಳವೂ ಹೆಚ್ಚುಕಡಿಮೆ ಅಷ್ಟೇ. ಮೇಲೆ ಹೋಗಬೇಕೆಂದರೆ ಸಮಾಜಕಾರ್ಯದ ನಾಲ್ಕು ವರ್ಷದ ಪದವಿ ಬೇಕು, ಅದಾದ ಮೇಲೆ ಸ್ನಾತಕೋತ್ತರ. ಪದವಿಗೆ ಕನಿಷ್ಠ 400 ಗಂಟೆ, ಸ್ನಾತಕೋತ್ತರಕ್ಕೆ 900 ಗಂಟೆ ಕ್ಷೇತ್ರಕಾರ್ಯ. ಬಹಳ ಕಡೆ ಅದಕ್ಕೆ ಕೂಲಿಯಿಲ್ಲ. ಮತ್ತು ಆ ಪದವಿಗಳಿಗೆ ಮಾನ್ಯತೆ ಕೊಡುವ ಮಂಡಳಿಯ ಒಂದು ನಿಯಮವನ್ನು ನೋಡಿ: ಜೀವನಾನುಭವಕ್ಕಾಗಲಿ, ಹಿಂದೆ ಮಾಡಿದ ಕೆಲಸಕ್ಕಾಗಲಿ ಸಮಾಜಕಾರ್ಯದ ವಿಷಯಗಳಲ್ಲಿ ಕ್ರೆಡಿಟ್ ಕೊಡುವುದಿಲ್ಲ ಎಂದು ಪ್ರತಿ ಕಾಲೇಜೂ ಬರೆದುಕೊಡಬೇಕು. ಹತ್ತು ವರ್ಷ ತಂಗುದಾಣ ನಡೆಸಿದವಳೂ ಹದಿನೆಂಟರ ಹುಡುಗಿಯೂ ಒಂದೇ ಗೆರೆಯಿಂದ ಓಡಬೇಕು. ಪರ್ಲ್ ಮತ್ತು ರೀಸ್‌ಮನ್ ಹೇಳಿದ್ದಕ್ಕೆ ಇದು ನೇರ ವಿರುದ್ಧ.

ವೃತ್ತಿಯವರ ಭಯ ನನಗೆ ಅರ್ಥವಾಗದೆ ಇಲ್ಲ. ಅನುಭವ ಒಂದೇ ಸಾಕು ಎಂದರೆ ಸರ್ಕಾರ ಅಗ್ಗದ ಕೈಗಳನ್ನೇ ಇಟ್ಟುಕೊಂಡು ಸುಮ್ಮನಾಗಿಬಿಡುತ್ತದೆ ಎಂಬ ಭಯ ಅದು. ಕೆಟ್ಟ ಅನುಭವದಿಂದ ಕೆಟ್ಟ ಪಾಠ ಕಲಿತವರೂ ಇರುತ್ತಾರೆ. ನಾನು ಹೊಡೆತ ತಿಂದೇ ಸರಿಹೋದೆ, ನಿನಗೂ ಅದೇ ಮದ್ದು ಎನ್ನುವವರನ್ನು ನೆರವಿನ ಕೆಲಸಕ್ಕೆ ಹಾಕಲಾಗದು. ಆದರೆ ದೀರ್ಘ ಓದಿನವರೇ ಹೆಚ್ಚು ಗುಣಪಡಿಸುತ್ತಾರೆ ಎಂಬುದಕ್ಕೆ ಪುರಾವೆ ಕೇಳಿದರೆ ಉತ್ತರ ತಡವರಿಸುತ್ತದೆ. 1979ರಲ್ಲಿ ಜೋಸೆಫ್ ಡರ್ಲಾಕ್ 42 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಅರೆವೃತ್ತಿಪರರ ಫಲಿತಾಂಶ ವೃತ್ತಿಪರರಿಗೆ ಸಮ, ಕೆಲವು ಕಡೆ ಮಿಗಿಲು ಎಂದು ಬರೆದ. ಎರಡೇ ವರ್ಷದಲ್ಲಿ ಆ ಅಧ್ಯಯನಗಳ ಗುಣಮಟ್ಟವನ್ನೇ ಪ್ರಶ್ನಿಸಿದ ಉತ್ತರ ಬಂತು. ಜಗಳ ಇನ್ನೂ ತೀರಿಲ್ಲ. ಈ ಮಧ್ಯೆ ಜಾರ್ಜಿಯಾ ರಾಜ್ಯ 1999ರಲ್ಲಿ, ಮಾನಸಿಕ ಕಾಯಿಲೆಯನ್ನು ಸ್ವತಃ ಅನುಭವಿಸಿ ಚೇತರಿಸಿಕೊಂಡವರನ್ನು ತರಬೇತು ಮಾಡಿ, ಅವರ ಕೆಲಸಕ್ಕೆ ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್‌ನಿಂದ ದುಡ್ಡು ಸಿಗುವ ಹಾಗೆ ಮಾಡಿತು. ಬೇರೆ ರಾಜ್ಯಗಳೂ ಆಮೇಲೆ ಅದೇ ದಾರಿ ಹಿಡಿದವು. ಹಳೆಯ ವಿಚಾರ ಹಿಂಬಾಗಿಲಿಂದ ಮತ್ತೆ ಮನೆಗೆ ಬಂತು ಎನ್ನಬೇಕು.

ನಮ್ಮ ವಿಷಯಕ್ಕೆ ಬರೋಣ. ಸಮಾಜಕಾರ್ಯದ ಓದನ್ನು ನಾವು ಅಮೆರಿಕದಿಂದ ತಂದದ್ದು ಮೇಲಿನ ಮೆಟ್ಟಿಲಿನಿಂದ. 1936ರಲ್ಲಿ ಮುಂಬಯಿಯಲ್ಲಿ ಶುರುವಾದ, ಈಗ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎನಿಸಿಕೊಂಡಿರುವ ಶಾಲೆಗೆ ಮೊದಲ ನಿರ್ದೇಶಕರು ಷಿಕಾಗೋದಲ್ಲಿ ಓದಿದ ಮಿಷನರಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್. ನಾಗಪಾಡಾದ ಬಡವರ ನಡುವೆ ನೆರೆಹೊರೆಯ ಕೇಂದ್ರ ನಡೆಸಿದ ಅವರು ಕಟ್ಟಿದ ಶಾಲೆ ಪದವೀಧರರಿಗಾಗಿಯೇ ಇತ್ತು. ಮಂಗಳೂರಿನಲ್ಲಿ 1960ರಲ್ಲಿ ರೋಶನಿ ನಿಲಯ ಬಂತು, ಆಮೇಲೆ ನಮ್ಮ ವಿಶ್ವವಿದ್ಯಾಲಯಗಳ ವಿಭಾಗಗಳು ಬಂದವು. ಎಲ್ಲ ಕಡೆ ಎಂ.ಎಸ್.ಡಬ್ಲ್ಯೂ.ಯೇ ಮಾನದಂಡ. ಕಮ್ಯುನಿಟಿ ಕಾಲೇಜು ಎಂಬ ಕಲ್ಪನೆಯೂ ಬಂತು: 1995ರಲ್ಲಿ ಪಾಂಡಿಚೇರಿ, 1996ರಲ್ಲಿ ಮದ್ರಾಸು, ಆಮೇಲೆ ಯುಜಿಸಿಯ ಯೋಜನೆ. ಆದರೆ ನೆರವಿನ ಕೆಲಸವನ್ನು ಆ ಕಾಲೇಜುಗಳ ಮುಖ್ಯ ವಿಷಯವಾಗಿಸಲು ಯಾರೂ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ.

ಓದಿನ ಹೊರಗೆ ಮಾತ್ರ ಕೆಲಸ ನಡೆದೇ ಇತ್ತು, ಅದೂ ಜಗತ್ತು ನೋಡುವ ಹಾಗೆ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿದರು. 1996ರ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆ ಬಳ್ಳಾರಿ ಮಾದರಿಯ ಮೇಲೇ ನಿಂತಿತು. ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಆರೋಗ್ಯ ಕ್ಷೇತ್ರದ ಹಿನ್ನೆಲೆಯೇ ಇಲ್ಲದ ಸ್ಥಳೀಯರಿಗೆ ಅಲ್ಪಾವಧಿಯ ತರಬೇತಿ ಕೊಟ್ಟು ಖಿನ್ನತೆ, ಆತಂಕ ಇದ್ದವರ ಜೊತೆ ಕೆಲಸ ಮಾಡಿಸಿದರು. 2010ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಫಲಿತಾಂಶದ ಪ್ರಕಾರ ಸರ್ಕಾರಿ ಕೇಂದ್ರಗಳಲ್ಲಿ ಇದರಿಂದ ಸ್ಪಷ್ಟ ಪ್ರಯೋಜನವಾಯಿತು, ಖಾಸಗಿ ವೈದ್ಯರ ಕಡೆ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂಗನವಾಡಿ ಯೋಜನೆ 1975ರಲ್ಲಿ ದೇಶದ 33 ತಾಲ್ಲೂಕು ಮಟ್ಟದ ಘಟಕಗಳಲ್ಲಿ ಶುರುವಾದಾಗ ಅದರಲ್ಲಿ ನಮ್ಮ ತಿ. ನರಸೀಪುರವೂ ಇತ್ತು. ಅಲ್ಲಿಂದ ಇಲ್ಲಿಯವರೆಗೆ ಅರ್ಧ ಶತಮಾನ ಈ ಹೆಂಗಸರು ತೂಕದ ತಕ್ಕಡಿ, ರಿಜಿಸ್ಟರು, ಮನೆಭೇಟಿ ಮಾಡುತ್ತಾ ಬಂದಿದ್ದಾರೆ. 2005ರಿಂದ ಆಶಾ ಕಾರ್ಯಕರ್ತೆಯರು ಸೇರಿಕೊಂಡರು. ಇವರು ಪಡೆಯುವುದು ಗೌರವಧನ ಮತ್ತು ಪ್ರೋತ್ಸಾಹಧನ. ಅದಕ್ಕೆ ಸಂಬಳ ಎಂಬ ಹೆಸರಿಲ್ಲ. ಮೊದಲ ದಿನ ಆಶಾ ಆಗಿ ಸೇರಿದವಳು ಇಪ್ಪತ್ತು ವರ್ಷದ ಮೇಲೂ ಬಹುತೇಕ ಆಶಾ ಆಗಿಯೇ ಉಳಿಯುತ್ತಾಳೆ.

ಹಾಗಾಗಿ ಇಲ್ಲೂ ಒಂದು ಎರಡು ವರ್ಷದ ಡಿಪ್ಲೊಮಾ ತೆರೆಯಿರಿ ಎಂದು ನಾನು ಹೇಳಿದರೆ ಅದು ಅರ್ಧ ಮಾತಾಗುತ್ತದೆ. ಡಿಪ್ಲೊಮಾ ತೆರೆಯುವುದು ಸುಲಭ, ವಿಭಾಗಕ್ಕೆ ಶುಲ್ಕವೂ ಬರುತ್ತದೆ. ಓದಿದವಳಿಗೆ ಹುದ್ದೆಯಿಲ್ಲ, ಸಂಬಳ ಏರುವುದಿಲ್ಲ ಎಂದಾದರೆ ಅಮೆರಿಕದವರು ಅರವತ್ತು ವರ್ಷದಲ್ಲಿ ಮಾಡಿದ ತಪ್ಪನ್ನು ನಾವು ಆರೇ ವರ್ಷದಲ್ಲಿ ಮಾಡಿ ಮುಗಿಸುತ್ತೇವೆ. ಒಂದು ವಿಷಯದಲ್ಲಿ ಮಾತ್ರ ನಮಗೆ ಅವರಿಗಿಲ್ಲದ ಅನುಕೂಲವಿದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಕೆಲಸದ ಅನುಭವಕ್ಕೂ ಕ್ರೆಡಿಟ್ ಕೊಡಬಹುದು ಎನ್ನುತ್ತದೆ. ಅಲ್ಲಿ ಮಾನ್ಯತಾ ಮಂಡಳಿ ಮುಚ್ಚಿದ ಬಾಗಿಲು ಇಲ್ಲಿ ಕಾಗದದ ಮೇಲಾದರೂ ತೆರೆದಿದೆ. ಆಶಾ ಕಾರ್ಯಕರ್ತೆಯ ಇಷ್ಟು ವರ್ಷದ ಮನೆಭೇಟಿ ಬಿ.ಎಸ್.ಡಬ್ಲ್ಯೂ.ನ ಇಷ್ಟು ಸೆಮಿಸ್ಟರ್ ಕ್ಷೇತ್ರಕಾರ್ಯಕ್ಕೆ ಸಮ ಎಂದು ಒಂದು ವಿಶ್ವವಿದ್ಯಾಲಯ ಅಧಿಸೂಚನೆ ಹೊರಡಿಸಲಿ. ಅದರ ಜೊತೆಗೇ, ಅವಳು ಪದವಿ ಮುಗಿಸಿದ ದಿನ ಯಾವ ಹುದ್ದೆಗೆ, ಯಾವ ವೇತನ ಶ್ರೇಣಿಗೆ ಹೋಗುತ್ತಾಳೆ ಎಂದು ಇಲಾಖೆಯೂ ಬರೆದುಕೊಡಲಿ. ಎರಡೂ ಒಟ್ಟಿಗೆ ಆಗಬೇಕು, ಮತ್ತು ತರಗತಿಗೆ ಬಂದ ದಿನದ ಪ್ರೋತ್ಸಾಹಧನ ಕಡಿತವಾಗಬಾರದು.

ಕುಲಪತಿಗಳು ಇಲ್ಲೇ ಇದ್ದಾರೆ, ಆದ್ದರಿಂದ ನೇರವಾಗಿಯೇ ಕೇಳುತ್ತೇನೆ. ಅನುಭವವನ್ನು ಕ್ರೆಡಿಟ್ಟಿಗೆ ಅಳೆಯುವ ನಿಯಮದ ಕರಡು ಬರೆಯಲು ಸಮಿತಿ ಬೇಕಾಗುತ್ತದೆ. ಅದರಲ್ಲಿ ಪ್ರಾಧ್ಯಾಪಕರು ಇಬ್ಬರಿದ್ದರೆ, ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಮನೆಭೇಟಿ ಮಾಡಿದ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರೂ ಇಬ್ಬರು ಇರಲಿ. ಮತ ಹಾಕುವ ಹಕ್ಕೂ ಅವರಿಗಿರಲಿ. ಅವರ ಬಸ್ ಚಾರ್ಜು ಶಕ್ತಿ ಯೋಜನೆಯಲ್ಲಿ ಹೋಗುತ್ತದೆ. ಸಭೆಯ ಭತ್ಯೆಯನ್ನು ಪ್ರಾಧ್ಯಾಪಕರಿಗೆ ಕೊಡುವಷ್ಟೇ ಕೊಡಿ.